ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಮತ್ತು ಬ್ಯಾಕ್ಟೀರಿಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರಲೋಹ ಮಾಲಿನ್ಯ ಎಂದೊಡನೆ ಕಾರ್ಖಾನೆಯ ಕೊಳಚೆ, ಗಣಿಯ ತ್ಯಾಜ್ಯ ಕಣ್ಣಮುಂದೆ ಬರುತ್ತವೆ. ಮಲೆನಾಡು, ಕರಾವಳಿಯ ತೋಟಗಳಲ್ಲಿ ಅದು ಬರುವ ದಾರಿ ಬೇರೆ. ಅಡಿಕೆ ಗೊನೆಯನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆಂದು ನಾವೇ ಮಳೆಗಾಲಕ್ಕೆ ಎರಡು ಮೂರು ಸಲ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ಬೋರ್ಡೊ ದ್ರಾವಣ ಹೊಡೆಯುತ್ತೇವೆ. ಅಡಿಕೆ ಬೆಳೆಗಾರರಿಂದಲೂ ಕೃಷಿ ವಿದ್ಯಾರ್ಥಿಗಳಿಂದಲೂ ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ತಾಮ್ರ ಗಿಡಕ್ಕೆ ಬೇಕಾದ ಪೋಷಕಾಂಶ ತಾನೆ? ಅದನ್ನು ಮಾಲಿನ್ಯ ಎನ್ನುವುದೇಕೆ?

ಬೇಕು, ಆದರೆ ಚೂರೇ ಚೂರು. ಸೀಸ, ಕ್ಯಾಡ್ಮಿಯಂ, ಪಾದರಸಗಳಿಂದ ಗಿಡಕ್ಕಾಗಲಿ ಮಣ್ಣಿನ ಜೀವಿಗಳಿಗಾಗಲಿ ಉಪಯೋಗವಿಲ್ಲ. ತಾಮ್ರ, ಸತು, ನಿಕಲ್ ಹಾಗಲ್ಲ. ಬ್ಯಾಕ್ಟೀರಿಯಾದ ಉಸಿರಾಟದ ಕಿಣ್ವಗಳಿಗೂ ತಾಮ್ರ ಬೇಕು. ತೊಂದರೆ ಏನೆಂದರೆ, ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಮೈಲುತುತ್ತ ಕೆಲಸ ಮಾಡುವುದೇ ಆ ಕಿರಿದಾದ ಅಂತರದಿಂದಾಗಿ. ಕೊಳೆಯ ಬೀಜಕಣವನ್ನು ಕೊಲ್ಲುವ ವಸ್ತು ನೆಲಕ್ಕೆ ಬಿದ್ದ ಕೂಡಲೇ ಸಾಧುವಾಗುವುದಿಲ್ಲ.

ನಮ್ಮ ತೋಟಕ್ಕೆ ವರ್ಷಕ್ಕೆ ಎಷ್ಟು ತಾಮ್ರ ಬೀಳುತ್ತದೆ? ಲೆಕ್ಕ ಹಾಕುವುದು ಹೇಗೆ?

ಒಂದು ಕಾಗದದಲ್ಲಿ ಹಾಕಿ ನೋಡಬಹುದಾದ ಲೆಕ್ಕ ಇದು. ಶೇಕಡಾ 1ರ ಬೋರ್ಡೊ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಮೈಲುತುತ್ತದ ಹರಳಿನಲ್ಲಿ ನೀರಿನ ಅಂಶವೂ ಸೇರಿರುವುದರಿಂದ ತಾಮ್ರ ಇರುವುದು ಶೇ. 25.5 ಮಾತ್ರ. ಹಾಗಾಗಿ ಪ್ರತಿ ಲೀಟರ್ ದ್ರಾವಣದಲ್ಲಿ ಸುಮಾರು 2.55 ಗ್ರಾಂ ತಾಮ್ರ.

2.7 ಮೀಟರ್ ಅಂತರದ ತೋಟದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ. ಮರಕ್ಕೆ 1 ಲೀಟರ್ ಹಿಡಿದರೆ ಒಂದು ಸಲದ ಸಿಂಪಡಣೆಗೆ 3.5 ಕೆ.ಜಿ. ತಾಮ್ರ; ವರ್ಷಕ್ಕೆ ಎರಡು ಸಲವಾದರೆ 7 ಕೆ.ಜಿ. ಮಳೆ ಹೆಚ್ಚಾಗಿ ಮೂರನೇ ಸಲ ಹೊಡೆದ ವರ್ಷ ಹತ್ತು ದಾಟುತ್ತದೆ. ಹೆಕ್ಟೇರಿನ ಮೇಲ್ಪದರದ 15 ಸೆಂ.ಮೀ. ಮಣ್ಣು ಸುಮಾರು 2,000 ಟನ್. 7 ಕೆ.ಜಿ.ಯನ್ನು ಅದರಲ್ಲಿ ಹಂಚಿದರೆ ಕೆ.ಜಿ. ಮಣ್ಣಿಗೆ ವರ್ಷಕ್ಕೆ 3.5 ಮಿ.ಗ್ರಾಂ., 30 ವರ್ಷಕ್ಕೆ 105 ಮಿ.ಗ್ರಾಂ. ಗೊನೆಯ ಜೊತೆ, ಹಾಳೆ ಸೋಗೆಯ ಜೊತೆ, ಕೊಚ್ಚಿಹೋಗುವ ಮಣ್ಣಿನ ಜೊತೆ ಒಂದಿಷ್ಟು ಹೊರಗೆ ಹೋಗುತ್ತದೆ, ಆದ್ದರಿಂದ ಇದು ಮೇಲ್ಮಿತಿಯ ಲೆಕ್ಕ. ನಿಮ್ಮ ತೋಟಕ್ಕೆ ಒಂದು ಸಲಕ್ಕೆ ಎಷ್ಟು ಡ್ರಮ್ ಖರ್ಚಾಗುತ್ತದೆ ಎಂಬುದು ಔಷಧಿ ಹೊಡೆಯುವವರಿಗೆ ಬಾಯಿಪಾಠವಾಗಿರುತ್ತದೆ. ಆ ಸಂಖ್ಯೆಯನ್ನೇ ಇಲ್ಲಿ ಬಳಸಿ.

ಹೋಲಿಕೆಗೆ: ಯುರೋಪಿನ ಒಕ್ಕೂಟ 2018ರ ನಿಯಮದಲ್ಲಿ ಕೃಷಿಗೆ ಬಳಸುವ ತಾಮ್ರವನ್ನು 7 ವರ್ಷಕ್ಕೆ ಹೆಕ್ಟೇರಿಗೆ 28 ಕೆ.ಜಿ.ಗೆ ಮಿತಿಗೊಳಿಸಿತು. ಮೇಲಿನ ಲೆಕ್ಕದ ತೋಟ ಅದೇ 7 ವರ್ಷದಲ್ಲಿ 49 ಕೆ.ಜಿ. ಪಡೆಯುತ್ತದೆ. ಅವರದು ದ್ರಾಕ್ಷಿ, ನಮ್ಮದು ಮೂರು ತಿಂಗಳು ಸುರಿಯುವ ಮಳೆಯಲ್ಲಿ ನಿಂತ ಅಡಿಕೆ. ಅವರ ಮಿತಿಯನ್ನು ಹಾಗೇ ತಂದು ಇಲ್ಲಿ ಹೇರುವುದು ಸರಿಯಲ್ಲ. ಆದರೆ ಅಳತೆಗೋಲಾಗಿ ಅದು ಉಪಯೋಗಕ್ಕೆ ಬರುತ್ತದೆ.

ಇದು ಎಷ್ಟು ವರ್ಷದಿಂದ ನಡೆದುಬಂದಿದೆ?

ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ 1908ರಲ್ಲಿ ಬಂದ ಲೆಸ್ಲಿ ಕೋಲ್ಮನ್ ಕೊಳೆರೋಗದ ಕಾರಣವನ್ನು ಅಧ್ಯಯನ ಮಾಡಿ 1910ರಲ್ಲಿ ಪ್ರಕಟಿಸಿದರು; ಬೋರ್ಡೊ ದ್ರಾವಣವನ್ನು ಅಡಿಕೆಗೆ ತಂದದ್ದೂ ಅವರೇ. ಅದಕ್ಕೆ ಮೊದಲು ಮಳೆ ತಾಕದಂತೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವುದೇ ಉಪಾಯವಾಗಿತ್ತು. ನೂರು ವರ್ಷ ದಾಟಿದ ರೂಢಿ ಇದು. ಅಜ್ಜನ ಕಾಲದಿಂದ ಔಷಧಿ ಕಂಡ ತೋಟಕ್ಕೂ ಹತ್ತು ವರ್ಷದ ಹಿಂದೆ ಗದ್ದೆ ಎತ್ತಿ ಮಾಡಿದ ತೋಟಕ್ಕೂ ತಾಮ್ರದ ಲೆಕ್ಕ ಒಂದೇ ಅಲ್ಲ.

ಕಾಳುಮೆಣಸಿನ ಬುಡಕ್ಕೆ ಹೊಯ್ಯುವ ಔಷಧಿಯೂ ಲೆಕ್ಕಕ್ಕೆ ಬರುತ್ತದೆಯೇ?

ಬರುತ್ತದೆ. ಹೆಚ್ಚು ಯೋಚಿಸಬೇಕಾದದ್ದು ಅದರ ಬಗ್ಗೆಯೇ. ಸೊರಗು ರೋಗಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ತಾಮ್ರದ ಪುಡಿಯನ್ನು ಶೇ. 0.2ರಂತೆ ಬಳ್ಳಿಗೆ 5 ಲೀಟರ್ ಹೊಯ್ದರೆ ಹತ್ತು ಗ್ರಾಂ ಪುಡಿ. ಅದರಲ್ಲಿ ಅರ್ಧ, ಅಂದರೆ 5 ಗ್ರಾಂ ತಾಮ್ರ. ಬುಡದ ಸುತ್ತ ಅರ್ಧ ಮೀಟರ್ ತ್ರಿಜ್ಯದ ವೃತ್ತದಲ್ಲಿ 15 ಸೆಂ.ಮೀ. ಆಳದ ಮಣ್ಣು ಸುಮಾರು 150 ಕೆ.ಜಿ. ಇರುತ್ತದೆ. ಒಂದೇ ಸಲಕ್ಕೆ ಕೆ.ಜಿ. ಮಣ್ಣಿಗೆ 33 ಮಿ.ಗ್ರಾಂ.! ಅಡಿಕೆ ಗೊನೆಗೆ ಹತ್ತು ವರ್ಷ ಹೊಡೆದರೆ ಆಗುವಷ್ಟು ತಾಮ್ರ ಬಳ್ಳಿಯ ಬುಡಕ್ಕೆ ಒಂದು ಬೆಳಗ್ಗೆ ಸೇರುತ್ತದೆ. ತೋಟದ ಸರಾಸರಿ ಮಾದರಿಯಲ್ಲಿ ಇದು ಕಾಣುವುದೇ ಇಲ್ಲ. ಆದ್ದರಿಂದ ಬಳ್ಳಿಯ ಬುಡದ ಮಣ್ಣನ್ನು ಬೇರೆಯೇ ಪರೀಕ್ಷೆಗೆ ಕಳಿಸಬೇಕು.

ಇಷ್ಟು ಮಳೆಗೆ ಎಲ್ಲ ತೊಳೆದು ಹೋಗುವುದಿಲ್ಲವೇ?

ಇಲ್ಲ. ಸಾರಜನಕ, ಪೊಟ್ಯಾಷ್ ಬಸಿಗಾಲುವೆ ಸೇರುವಂತೆ ತಾಮ್ರ ಸೇರುವುದಿಲ್ಲ. ಕೊಳೆತ ಸೊಪ್ಪಿನ ಸಾವಯವ ಅಂಶಕ್ಕೆ ಅದು ಇತರ ಹೆಚ್ಚಿನ ಪೋಷಕ ಲೋಹಗಳಿಗಿಂತ ಬಿಗಿಯಾಗಿ ಅಂಟುತ್ತದೆ. ಉಳಿದದ್ದು ಜಂಬಿಟ್ಟಿಗೆ ಮಣ್ಣಿನ ಕಬ್ಬಿಣದ ಆಕ್ಸೈಡಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಬಹುಪಾಲು ಮೇಲಿನ 15–20 ಸೆಂ.ಮೀ.ನಲ್ಲೇ ಉಳಿಯುತ್ತದೆ. ದುರದೃಷ್ಟಕ್ಕೆ ಬ್ಯಾಕ್ಟೀರಿಯಾ ದಟ್ಟವಾಗಿರುವ ಪದರವೂ ಅದೇ, ಅಡಿಕೆಯ ಉಣ್ಣುವ ಬೇರು ಹರಡುವ ಪದರವೂ ಅದೇ. ಬಸಿಗಾಲುವೆಯಲ್ಲಿ ತಾಮ್ರ ಕಂಡರೆ ಅದು ಸಾಮಾನ್ಯವಾಗಿ ಕರಗಿ ಬಂದದ್ದಲ್ಲ, ಕೊಚ್ಚಿಬಂದ ಮಣ್ಣಿನ ಕಣದ ಜೊತೆ ಬಂದದ್ದು.

ತಾಮ್ರ ಬ್ಯಾಕ್ಟೀರಿಯಾದೊಳಗೆ ಹೊಕ್ಕು ಏನು ಮಾಡುತ್ತದೆ?

ಅನೇಕ ಕಿಣ್ವಗಳ ಮಧ್ಯೆ ಕಬ್ಬಿಣ ಮತ್ತು ಗಂಧಕದ ಪರಮಾಣುಗಳು ಗೂಡು ಕಟ್ಟಿಕೊಂಡಿರುತ್ತವೆ. ತಾಮ್ರದ ಅಯಾನು ಅಲ್ಲಿ ಕಬ್ಬಿಣವನ್ನು ಹೊರದಬ್ಬಿ ಗಂಧಕಕ್ಕೆ ತಾನು ಅಂಟುತ್ತದೆ. ಕೆಲವು ಅಮೈನೋ ಆಮ್ಲಗಳನ್ನು ತಯಾರಿಸುವ ಕಿಣ್ವಗಳು ಹೀಗೆ ಮೊದಲೇ ಕೆಡುತ್ತವೆ. ಜೊತೆಗೆ ಹೊರಪೊರೆ ಸೋರತೊಡಗುತ್ತದೆ. ಕೋಶ ಥಟ್ಟನೆ ಸಾಯಲೇಬೇಕೆಂದಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುತ್ತ, ಬೆಳೆಯದೆ, ಜೀವ ಹಿಡಿದುಕೊಂಡೇ ಬಹುಕಾಲ ಇರಬಲ್ಲದು.

ಇಲ್ಲಿ ಒಂದು ಮಾತು ಮುಖ್ಯ. ಈ ಹಾನಿ ಮಾಡುವುದು ಮಣ್ಣಿನ ನೀರಿನಲ್ಲಿ ಬಿಡಿಯಾಗಿ ಕರಗಿರುವ ತಾಮ್ರ, ಮಣ್ಣಿಗೆ ಅಂಟಿಕೊಂಡಿರುವುದಲ್ಲ. ಎಷ್ಟು ಬಿಡಿಯಾಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಹೆಚ್ಚಾಗಿ ಪಿಎಚ್ (ಮಣ್ಣಿನ ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು). ಪಿಎಚ್ 6.5ರಲ್ಲಿ ಸುಮ್ಮನಿರುವ 100 ಮಿ.ಗ್ರಾಂ. ತಾಮ್ರ ಪಿಎಚ್ 4.8ಕ್ಕೆ ಇಳಿದಾಗ ಬೇರೆಯೇ ಪ್ರಾಣಿ.

ಹಾಗಾದರೆ ನಮ್ಮ ಮಣ್ಣಿನ ಬ್ಯಾಕ್ಟೀರಿಯಾ ಎಲ್ಲ ಸತ್ತಿರಬೇಕಲ್ಲ?

ಸತ್ತಿಲ್ಲ. ಒಂದು ಗ್ರಾಂ ಮಣ್ಣಿನಲ್ಲಿ ಹತ್ತಾರು ಕೋಟಿಯಿಂದ ನೂರು ಕೋಟಿಯವರೆಗೆ ಬ್ಯಾಕ್ಟೀರಿಯಾ ಇರುತ್ತವೆ, ಸಾವಿರಾರು ಬಗೆಯವು. ಲೋಹ ಸೇರಿದಾಗ ಸೂಕ್ಷ್ಮವಾದವು ಹಿಂದೆ ಸರಿಯುತ್ತವೆ, ತಾಳಿಕೊಳ್ಳುವವು ಜಾಗ ತುಂಬುತ್ತವೆ. ಒಳಬಂದ ತಾಮ್ರವನ್ನು ಪಂಪಿನಂತೆ ಹೊರತಳ್ಳುವ ಪ್ರೋಟೀನುಗಳು ಅನೇಕ ಬ್ಯಾಕ್ಟೀರಿಯಾಗಳಲ್ಲಿವೆ. ಬೆಲ್ಜಿಯಂನ ಸತು ಕಾರ್ಖಾನೆಯೊಂದರ ತೊಟ್ಟಿಯಿಂದ 1976ರಲ್ಲಿ ಬೇರ್ಪಡಿಸಿದ, ಈಗ ಕುಪ್ರಿಯಾವಿಡಸ್ ಮೆಟಲ್ಲಿಡ್ಯುರಾನ್ಸ್ ಎಂದು ಕರೆಯುವ ಬ್ಯಾಕ್ಟೀರಿಯಾ ಇಂಥ ಜೀನುಗಳನ್ನು ಎರಡು ದೊಡ್ಡ ಪ್ಲಾಸ್ಮಿಡ್‌ಗಳಲ್ಲಿ ಹೊತ್ತು ತಿರುಗುತ್ತದೆ. ಪ್ಲಾಸ್ಮಿಡ್ ಎಂದರೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗಬಲ್ಲ ಡಿಎನ್ಎ ಉಂಗುರ.

ಪಂಪು ನಡೆಸಲು ಶಕ್ತಿ ಬೇಕು. ತಿಂದ ಇಂಗಾಲದಲ್ಲಿ ಮೈ ಬೆಳೆಸುವುದಕ್ಕೆ ಕಡಿಮೆ, ಉಸಿರಾಡುವುದಕ್ಕೆ ಹೆಚ್ಚು ಹೋಗುತ್ತದೆ. ಅದಕ್ಕೇ ಲೋಹದ ಮಣ್ಣಿನಲ್ಲಿ ಒಟ್ಟು ಜೀವರಾಶಿ ಕಡಿಮೆಯಿದ್ದರೂ ಜೀವರಾಶಿಯ ಪ್ರತಿ ಗ್ರಾಂಗೆ ಹೊರಬರುವ ಇಂಗಾಲದ ಡೈಆಕ್ಸೈಡ್ ಹೆಚ್ಚಿರುತ್ತದೆ. ದುಡಿಮೆಯೆಲ್ಲ ಆಸ್ಪತ್ರೆ ಖರ್ಚಿಗೇ ಹೋದ ಮನೆಯ ಹಾಗೆ.

ಶಿಲೀಂಧ್ರಗಳು ಸಾಮಾನ್ಯವಾಗಿ ಬ್ಯಾಕ್ಟೀರಿಯಾಗಳಿಗಿಂತ ಲೋಹವನ್ನು ಚೆನ್ನಾಗಿ ತಾಳುತ್ತವೆ. ಬ್ಯಾಕ್ಟೀರಿಯಾ ಬಿಟ್ಟ ಜಾಗವನ್ನು ಅವು ಸ್ವಲ್ಪ ತುಂಬುತ್ತವೆ.

ಪ್ರಯೋಗಾಲಯದ ವರದಿಯಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಚೆನ್ನಾಗಿದೆ ಎಂದು ಬಂದಿದೆ. ಇನ್ನೇನು ಚಿಂತೆ?

ಆ ಸಂಖ್ಯೆಯನ್ನು ನೆಚ್ಚಬೇಡಿ. ತಟ್ಟೆಯ ಮೇಲೆ ಬೆಳೆಸಿ ಎಣಿಸುವ ವಿಧಾನದಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳ ನೂರರಲ್ಲಿ ಒಂದು ಪಾಲು ಬೆಳೆದರೆ ಹೆಚ್ಚು. ಹಾಗೆ ಬೆಳೆಯುವವು ಸಾಮಾನ್ಯವಾಗಿ ಗಟ್ಟಿಪಿಂಡಗಳು, ಲೋಹವನ್ನೂ ತಾಳುವವು. ಸೂಕ್ಷ್ಮ ಜಾತಿಗಳು ಹೋಗಿ ಗಟ್ಟಿಗರು ತುಂಬಿದರೆ ಎಣಿಕೆ ಅಷ್ಟೇ ಇರುತ್ತದೆ, ಕೆಲವೊಮ್ಮೆ ಹೆಚ್ಚುತ್ತದೆ. ಹಾಜರಿ ಪುಸ್ತಕ ಪೂರ್ತಿ ತುಂಬಿದ್ದು, ಕೆಲಸ ಮಾತ್ರ ಆಗದ ಕಚೇರಿಯನ್ನು ನೆನಪಿಸಿಕೊಳ್ಳಿ. ಕೇಳಬೇಕಾದದ್ದು ಎಷ್ಟು ಇವೆ ಎಂದಲ್ಲ, ಯಾವ ಕೆಲಸ ನಡೆಯುತ್ತಿದೆ ಎಂದು.

ಯಾವ ಕೆಲಸಕ್ಕೆ ಮೊದಲು ಪೆಟ್ಟು ಬೀಳುತ್ತದೆ?

ನೂರಾರು ಜಾತಿಗಳು ಮಾಡಬಲ್ಲ ಕೆಲಸ, ಉದಾಹರಣೆಗೆ ಸಕ್ಕರೆ, ಪಿಷ್ಟವನ್ನು ಕೊಳೆಸುವುದು, ಸುಲಭಕ್ಕೆ ನಿಲ್ಲುವುದಿಲ್ಲ. ಕೆಲವೇ ಕೆಲವು ಜಾತಿಗಳ ಕೈಯಲ್ಲಿರುವ ಕೆಲಸ ಬೇಗ ಕೆಡುತ್ತದೆ.

ಅಮೋನಿಯಂ ಅನ್ನು ನೈಟ್ರೇಟ್ ಮಾಡುವುದು ಅಂಥ ಒಂದು ಕೆಲಸ. ಅದನ್ನು ಮಾಡುವವು ಕೆಲವೇ ಗುಂಪಿನ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ (ಬ್ಯಾಕ್ಟೀರಿಯಾದಂತೆ ಕಾಣುವ ಬೇರೊಂದು ವರ್ಗದ ಸೂಕ್ಷ್ಮಜೀವಿ), ನಿಧಾನವಾಗಿ ಬೆಳೆಯುವವು. (ಧೋ ಎಂದು ಮಳೆ ಸುರಿಯುವಲ್ಲಿ ನೈಟ್ರೇಟ್ ತಡವಾದರೆ ಒಳ್ಳೆಯದೇ, ಕೊಚ್ಚಿಹೋಗುವುದು ತಪ್ಪುತ್ತದೆ ಎಂದು ವಾದಿಸುವವರಿದ್ದಾರೆ. ತಪ್ಪಲ್ಲ, ಆದರೆ ವಿಷ ಹಾಕಿ ಪಡೆಯಬೇಕಾದ ಲಾಭ ಅದಲ್ಲ.)

ಇನ್ನೊಂದು, ದ್ವಿದಳ ಗಿಡಗಳ ಬೇರುಗಂಟಿನಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಮಾಡುವ ಸಾರಜನಕ ಸ್ಥಿರೀಕರಣ, ಅಂದರೆ ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುವುದು. ಇದಕ್ಕೆ ಬಲವಾದ ಪುರಾವೆ ಇಂಗ್ಲೆಂಡಿನ ವೋಬರ್ನ್‌ನಲ್ಲಿದೆ. ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಸಂಸ್ಥೆಯ ಅಲ್ಲಿನ ತರಕಾರಿ ಪ್ರಯೋಗಕ್ಕೆ 1942ರಿಂದ 1961ರವರೆಗೆ ಚರಂಡಿ ಕೆಸರನ್ನು ಗೊಬ್ಬರವಾಗಿ ಹಾಕಿದ್ದರು. ಅದರಲ್ಲಿ ಸತು, ಕ್ಯಾಡ್ಮಿಯಂ, ತಾಮ್ರ, ನಿಕಲ್ ಒಟ್ಟಿಗೆ ಇದ್ದವು. ಹಾಕುವುದು ನಿಲ್ಲಿಸಿ ಇಪ್ಪತ್ತು ವರ್ಷ ಕಳೆದ ಮೇಲೆ ಅಳೆದಾಗ, ಕೊಟ್ಟಿಗೆ ಗೊಬ್ಬರ ಹಾಕಿದ ಪಕ್ಕದ ಮಣ್ಣಿಗೆ ಹೋಲಿಸಿದರೆ ಸೂಕ್ಷ್ಮಜೀವಿ ರಾಶಿ ಅರ್ಧಕ್ಕೆ ಇಳಿದಿತ್ತು. ಬಿಳಿ ಕ್ಲೋವರ್ ಎಂಬ ದ್ವಿದಳ ಮೇವಿನ ಗಿಡದಲ್ಲಿ ಗಂಟುಗಳೇನೋ ಇದ್ದವು, ಆದರೆ ಸಣ್ಣವು, ಬಿಳಿಚಿದವು, ಸಾರಜನಕ ಹಿಡಿಯಲಾರದವು. ಕೆಲಸ ಮಾಡುವ ರೈಜೋಬಿಯಂ ತಳಿಗಳು ಹೋಗಿ, ಗಂಟು ಕಟ್ಟಿಯೂ ಕೆಲಸ ಮಾಡದ ತಳಿಯಷ್ಟೇ ಉಳಿದಿತ್ತು. ಮಣ್ಣಿನಲ್ಲಿದ್ದ ಲೋಹವೇನೂ ಭೀಕರ ಪ್ರಮಾಣದ್ದಲ್ಲ; ಆ ಕಾಲದ ಕಾನೂನು ಮಿತಿಯ ಆಸುಪಾಸಿನದು. ಬೆಳೆಯ ಎಲೆಯಲ್ಲಿ ಯಾವ ವಿಷದ ಲಕ್ಷಣವೂ ಇರಲಿಲ್ಲ.

ಗಂಟಿನೊಳಗಿರುವ ರೈಜೋಬಿಯಂಗೆ ಗಿಡದ ರಕ್ಷಣೆಯಿದೆ. ಆಸರೆಯ ಗಿಡವಿಲ್ಲದ ವರ್ಷಗಳಲ್ಲಿ ಅದು ಬಯಲಲ್ಲಿ, ಮಣ್ಣಿನ ನೀರಿನಲ್ಲಿ, ಲೋಹದ ನಡುವೆ ಬದುಕಬೇಕು. ನಿಧಾನವಾಗಿ ಕ್ಷೀಣಿಸುವುದು ಆಗಲೇ. ಇದರಿಂದ ತೋಟಕ್ಕೆ ಒಂದು ನೇರ ಪಾಠವಿದೆ: ಮರಗಳ ಮಧ್ಯೆ ವೆಲ್ವೆಟ್ ಬೀನ್ಸ್, ಪ್ಯೂರೇರಿಯಾ, ಅಲಸಂದೆಯಂಥ ದ್ವಿದಳ ಹೊದಿಕೆಯನ್ನು ಒಂದು ವರ್ಷ ಹಾಕಿ ಐದು ವರ್ಷ ಬಿಡುವುದಕ್ಕಿಂತ, ಸ್ವಲ್ಪ ಜಾಗದಲ್ಲಾದರೂ ಪ್ರತಿ ವರ್ಷ ಇಟ್ಟುಕೊಳ್ಳುವುದು ಮೇಲು.

ಮಣ್ಣಿನಲ್ಲಿ ಎಷ್ಟು ತಾಮ್ರವಿದ್ದರೆ ಹೆಚ್ಚು?

ಒಂದೇ ಸಂಖ್ಯೆ ಹೇಳುವವರನ್ನು ಅನುಮಾನಿಸಿ. ಚರಂಡಿ ಕೆಸರು ಹಾಕುವ ಹೊಲಗಳಿಗೆ ಯುರೋಪಿನ 1986ರ ನಿರ್ದೇಶನ ಇಟ್ಟ ಮಿತಿ ಕೆ.ಜಿ.ಗೆ 50ರಿಂದ 140 ಮಿ.ಗ್ರಾಂ. ಒಟ್ಟು ತಾಮ್ರ, ಅದೂ ಪಿಎಚ್ 6ರಿಂದ 7ರ ಮಣ್ಣಿಗೆ. ಭಾರತದಲ್ಲಿ ಸಾಮಾನ್ಯವಾಗಿ ಉಲ್ಲೇಖಿಸುವುದು 135ರಿಂದ 270. ಮಲೆನಾಡಿನ ಎಷ್ಟೋ ತೋಟಗಳ ಪಿಎಚ್ 5ರ ಅಕ್ಕಪಕ್ಕ ಇರುವುದರಿಂದ ಕೆಳಗಿನ ಸಂಖ್ಯೆಯನ್ನೇ ಹಿಡಿಯುವುದು ಜಾಣತನ.

ಮೂಲ ಮಣ್ಣಿನಲ್ಲಿ ಎಷ್ಟಿತ್ತು ಎಂಬುದೂ ಬೇಕು. ಬಸಾಲ್ಟ್ ಕಲ್ಲಿನಿಂದಾದ ಮಣ್ಣಿನಲ್ಲಿ ತಾಮ್ರ ಸಹಜವಾಗಿಯೇ ಹೆಚ್ಚು. ಗ್ರಾನೈಟ್, ನೈಸ್ ಕಲ್ಲಿನ ಮಣ್ಣಿನಲ್ಲಿ ಕಡಿಮೆ. ನಿಮ್ಮ ತೋಟಕ್ಕೆ ಅತ್ಯುತ್ತಮ ಹೋಲಿಕೆ ಎಂದರೆ ಎಂದೂ ಔಷಧಿ ಕಾಣದ ನಿಮ್ಮದೇ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ) ಮಣ್ಣು. ಎರಡರ ವ್ಯತ್ಯಾಸವೇ ನೀವು ಸೇರಿಸಿದ್ದು.

ಮತ್ತೊಂದು ಎಚ್ಚರಿಕೆ: ಒಳ್ಳೆ ಮಣ್ಣಿಗೆ ತಾಮ್ರದ ಲವಣ ಬೆರೆಸಿ ಎರಡು ವಾರದಲ್ಲಿ ಅಳೆಯುವ ಪ್ರಯೋಗಗಳು ಹಾನಿಯನ್ನು ಹೆಚ್ಚಾಗಿ ತೋರಿಸುತ್ತವೆ. ಹೊಸ ತಾಮ್ರ ಇನ್ನೂ ಮಣ್ಣಿಗೆ ಕಚ್ಚಿಕೊಂಡಿರುವುದಿಲ್ಲ, ಲವಣದಿಂದ ಪಿಎಚ್ ಕೂಡ ಇಳಿದಿರುತ್ತದೆ. ಆ ಸಂಖ್ಯೆಗಳನ್ನು ಹಳೆಯ ತೋಟಕ್ಕೆ ನೇರವಾಗಿ ಅನ್ವಯಿಸಬಾರದು.

ನಮ್ಮ ಮಣ್ಣು ಆರೋಗ್ಯ ಚೀಟಿಯಲ್ಲಿ ತಾಮ್ರದ ಮುಂದೆ ‘ಸಾಕಷ್ಟಿದೆ’ ಎಂದಿದೆ. ಸಾಲದೇ?

2015ರಲ್ಲಿ ಶುರುವಾದ ಈ ಚೀಟಿಯಲ್ಲಿ 12 ಅಂಶಗಳಿವೆ, ತಾಮ್ರ ಅವುಗಳಲ್ಲೊಂದು. ಆದರೆ ಅದು ಹುಡುಕುವುದು ಕೊರತೆಯನ್ನು. ಗಿಡಕ್ಕೆ ಸಿಗಬಲ್ಲ ಲೋಹವನ್ನಷ್ಟೇ ಬಿಡಿಸುವ ಡಿಟಿಪಿಎ ದ್ರಾವಣದಲ್ಲಿ ಹೊರಬರುವ ತಾಮ್ರ ಕೆ.ಜಿ.ಗೆ 0.2 ಮಿ.ಗ್ರಾಂ. ದಾಟಿದರೆ ಸಾಕಷ್ಟಿದೆ ಎಂದು ಬರೆಯುತ್ತಾರೆ. 0.5 ಇದ್ದರೂ ಅದೇ ಪದ, 40 ಇದ್ದರೂ ಅದೇ ಪದ. ಹಾಗಾಗಿ ಪದ ಬಿಟ್ಟು ಪಕ್ಕದ ಅಂಕಿ ಓದಿ. ಅದು ಹತ್ತಾರು ಮಿ.ಗ್ರಾಂ. ಇದ್ದರೆ ಒಟ್ಟು ತಾಮ್ರದ ಪರೀಕ್ಷೆ ಮಾಡಿಸುವುದಕ್ಕೆ ಕಾರಣ ಸಿಕ್ಕಿತು. ಒಟ್ಟು ತಾಮ್ರಕ್ಕೆ ಮಣ್ಣನ್ನು ಗಟ್ಟಿ ಆಮ್ಲಗಳಲ್ಲಿ ಕುದಿಸಿ ಅಳೆಯುತ್ತಾರೆ. ಕೇಳುವಾಗ ‘ಒಟ್ಟು ತಾಮ್ರ’ ಎಂದೇ ಬರೆದುಕೊಡಿ, ಇಲ್ಲವಾದರೆ ಮತ್ತೆ ಡಿಟಿಪಿಎ ಅಂಕಿಯೇ ಬರುತ್ತದೆ.

ಮಾದರಿ ತೆಗೆಯುವಾಗ ಸಾಮಾನ್ಯವಾಗಿ ಆಗುವ ತಪ್ಪುಗಳು ಯಾವುವು?

ಸತುಲೇಪಿತ ಬಕೆಟ್, ಹಿತ್ತಾಳೆ ಜರಡಿ, ಮೈಲುತುತ್ತ ಕರಗಿಸಿದ ಅದೇ ಪ್ಲಾಸ್ಟಿಕ್ ಡ್ರಮ್ಮಿನ ಮುಚ್ಚಳ: ಇವು ಮಾದರಿಯನ್ನು ಕೆಡಿಸುತ್ತವೆ. ತುಕ್ಕಿಲ್ಲದ ಸಲಿಕೆ, ಹೊಸ ಪ್ಲಾಸ್ಟಿಕ್ ಬಕೆಟ್ ಇರಲಿ. ಒಂದು ಎಕರೆಗೆ 10ರಿಂದ 15 ಜಾಗದಲ್ಲಿ, ಮೇಲಿನ ತರಗು ಸರಿಸಿ 0–15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕೆ.ಜಿ.ಗೆ ಇಳಿಸಿ. ಮರದ ಬುಡ, ಎರಡು ಸಾಲಿನ ನಡುವೆ, ಮೆಣಸಿನ ಬುಡ ಇವು ಮೂರೂ ಬೇರೆ ಬೇರೆ ಚೀಲ. ಹೊಸಮಣ್ಣು ಹಾಕಿದ ವರ್ಷ ಮೇಲ್ಪದರ ಮಾತ್ರ ತೆಗೆದರೆ ಹೊಸಮಣ್ಣನ್ನೇ ಅಳೆದಂತಾಗುತ್ತದೆ; ಆಗ 15–30 ಸೆಂ.ಮೀ. ಪದರವನ್ನೂ ಕಳಿಸಿ.

ಲೋಹದ ಪರೀಕ್ಷೆಗೆ ಮಣ್ಣನ್ನು ನೆರಳಲ್ಲಿ ಒಣಗಿಸಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಒಣಗಿಸಲೇಬಾರದು: ತೇವವಿರುವಾಗಲೇ 2 ಮಿ.ಮೀ. ಜರಡಿ ಹಿಡಿದು, 4 ಡಿಗ್ರಿಯಲ್ಲಿಟ್ಟು, ಒಂದೆರಡು ವಾರದೊಳಗೆ ಅಳೆಯಬೇಕು. ಒಣಗಿದ ಮಣ್ಣಿಗೆ ನೀರು ಬಿದ್ದ ತಕ್ಷಣ ಸತ್ತ ಕೋಶಗಳನ್ನು ತಿಂದು ಉಳಿದವು ಭೋರೆಂದು ಉಸಿರಾಡುತ್ತವೆ, ಅಳತೆ ದಾರಿ ತಪ್ಪುತ್ತದೆ. ಗೊಬ್ಬರ, ಸುಣ್ಣ, ಔಷಧಿ ಹಾಕಿ ಒಂದು ತಿಂಗಳಾದರೂ ಆಗಿರಲಿ.

ಪ್ರಯೋಗಾಲಯಕ್ಕೆ ಹೋಗದೆ ಮನೆಯಲ್ಲೇ ನೋಡಲು ಸಾಧ್ಯವೇ?

ತಾಮ್ರವನ್ನು ಅಳೆಯಲಾಗದು. ಆದರೆ ಬ್ಯಾಕ್ಟೀರಿಯಾದ ಕೆಲಸವನ್ನು ಅಲಸಂದೆಯಿಂದ ನೋಡಬಹುದು.

ಎರಡು ಕೆ.ಜಿ. ಹಿಡಿಯುವ ಒಂಬತ್ತು ನರ್ಸರಿ ಚೀಲ ತೆಗೆದುಕೊಳ್ಳಿ. ಮೂರಕ್ಕೆ ತೋಟದ ಮಣ್ಣು, ಮೂರಕ್ಕೆ ಸೊಪ್ಪಿನಬೆಟ್ಟದ ಮಣ್ಣು, ಉಳಿದ ಮೂರಕ್ಕೆ ಕೆ.ಜಿ.ಗೆ 2 ಗ್ರಾಂನಂತೆ ಕೃಷಿ ಸುಣ್ಣ ಬೆರೆಸಿದ ತೋಟದ ಮಣ್ಣು. ಸುಣ್ಣ ಬೆರೆಸಿದ್ದು ತೇವದಲ್ಲಿ ಮೂರು ವಾರ ಕೂರಲಿ. ಎಲ್ಲಕ್ಕೂ ಕೆ.ಜಿ.ಗೆ ಕಾಲು ಗ್ರಾಂ ಸೂಪರ್ ಫಾಸ್ಫೇಟ್ ಕೊಡಿ, ಏಕೆಂದರೆ ರಂಜಕ ಸಾಲದಿದ್ದರೂ ಗಂಟು ಬರುವುದಿಲ್ಲ. ಯೂರಿಯಾ, ಸಗಣಿ ನೀರು ಬೇಡ; ಸಾರಜನಕ ಸುಲಭವಾಗಿ ಸಿಕ್ಕಿದರೆ ಗಿಡ ಗಂಟು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಬೀಜ ಮನೆಯದೇ ಆಗಿರಲಿ. ಅಂಗಡಿಯ ಬೀಜಕ್ಕೆ ಶಿಲೀಂಧ್ರನಾಶಕವೋ ರೈಜೋಬಿಯಂ ಪುಡಿಯೋ ಹಚ್ಚಿರಬಹುದು. ಒಂದು ಸಾಲಿನ ಚೀಲದಿಂದ ಇನ್ನೊಂದಕ್ಕೆ ನೀರು ಚಿಮ್ಮದಂತೆ ದೂರ ಇಡಿ.

ಅಲಸಂದೆ ಬಿತ್ತಿದ 40 ದಿನಕ್ಕೆ ಚೀಲ ಸೀಳಿ, ಬೇರನ್ನು ನೀರಲ್ಲಿ ನೆನೆಸಿ ಮಣ್ಣು ಬಿಡಿಸಿ. ಎಳೆದರೆ ಗಂಟು ಮಣ್ಣಿನಲ್ಲೇ ಉಳಿಯುತ್ತದೆ. ಪ್ರತಿ ಗಿಡದ ಹತ್ತು ಗಂಟು ಬ್ಲೇಡಿನಲ್ಲಿ ಕೊಯ್ದು ನೋಡಿ. ಒಳಗೆ ಗುಲಾಬಿ ಅಥವಾ ಕೆಂಪು ಇದ್ದರೆ ಸಾರಜನಕ ಹಿಡಿಯುತ್ತಿದೆ. ಬಿಳಿ, ಹಸಿರು, ಬೂದು ಇದ್ದರೆ ಇಲ್ಲ. ಬೆಟ್ಟದ ಮಣ್ಣಿನಲ್ಲಿ ಎಂಟು ಕೆಂಪಾಗಿ ತೋಟದ ಮಣ್ಣಿನಲ್ಲಿ ಮೂರೇ ಇದ್ದು, ಸುಣ್ಣದ ಚೀಲದಲ್ಲಿ ಏಳಕ್ಕೆ ಏರಿದರೆ, ಹುಳಿ ಮಣ್ಣೋ, ಅದು ಬಿಡಿಸುತ್ತಿರುವ ತಾಮ್ರವೋ, ಎರಡೂ ಸೇರಿಯೋ ಕಾರಣ; ಹೇಗಾದರೂ ಮದ್ದು ಸುಣ್ಣ. ಸುಣ್ಣ ಕೊಟ್ಟರೂ ಏರದಿದ್ದರೆ ಒಟ್ಟು ತಾಮ್ರದ ಪರೀಕ್ಷೆಗೆ ಖರ್ಚು ಮಾಡಿ.

ವಿದ್ಯಾರ್ಥಿಗಳಿಗೆ: ಡಿಹೈಡ್ರೋಜಿನೇಸ್ ಪರೀಕ್ಷೆಯಲ್ಲಿ ತಾಮ್ರದ ಮಣ್ಣು ತೀರ ಕಡಿಮೆ ತೋರಿಸುತ್ತದೆ. ನಂಬಬಹುದೇ?

ಅರ್ಧ ನಂಬಿ. ಇದು ಮಣ್ಣಿನ ಜೀವಿಗಳ ಚಟುವಟಿಕೆಯನ್ನು ಬಣ್ಣದಿಂದ ಅಳೆಯುವ ಪರೀಕ್ಷೆ. ಟಿಟಿಸಿ ಎಂಬ ಬಣ್ಣವಿಲ್ಲದ ವಸ್ತುವನ್ನು ಜೀವಂತ ಕೋಶಗಳು ಕೆಂಪು ಟಿಪಿಎಫ್ ಆಗಿ ಮಾರ್ಪಡಿಸುತ್ತವೆ. 24 ಗಂಟೆ 37 ಡಿಗ್ರಿಯಲ್ಲಿಟ್ಟು, ಮೆಥನಾಲಿನಲ್ಲಿ ಹಿಂಡಿ, 485 ನ್ಯಾನೋಮೀಟರಿನಲ್ಲಿ ಓದುತ್ತೇವೆ. ಆದರೆ ಹೀಗೆ ಹುಟ್ಟಿದ ಕೆಂಪಿನ ಜೊತೆ ತಾಮ್ರವೇ ರಾಸಾಯನಿಕವಾಗಿ ವರ್ತಿಸಿ ಬಣ್ಣವನ್ನು ತಗ್ಗಿಸುತ್ತದೆ. ಬ್ಯಾಕ್ಟೀರಿಯಾ ದುಡಿದಿದ್ದರೂ ವರದಿಯಲ್ಲಿ ಸೋಮಾರಿ. ತಿಳಿದ ಪ್ರಮಾಣದ ಟಿಪಿಎಫ್ ಅನ್ನು ಅದೇ ಮಣ್ಣಿಗೆ ಬೆರೆಸಿ ಎಷ್ಟು ಮರಳಿ ಸಿಗುತ್ತದೆ ಎಂದು ನೋಡಿ. ಪೂರ್ತಿ ಸಿಗದಿದ್ದರೆ ಆ ಅಂಕಿ ಕೈಬಿಟ್ಟು, ಗ್ಲೂಕೋಸ್ ಕೊಟ್ಟು ಉಸಿರಾಟ ಅಳೆಯುವ ವಿಧಾನಕ್ಕೆ ಹೋಗಿ.

ತಾಮ್ರ ತಾಳುವ ಬ್ಯಾಕ್ಟೀರಿಯಾ ಎಣಿಸುವಾಗಲೂ ಇಂಥದೇ ಬಲೆ ಇದೆ. ನ್ಯೂಟ್ರಿಯೆಂಟ್ ಅಗರಿನ ಪೆಪ್ಟೋನ್ ತಾಮ್ರವನ್ನು ಕಟ್ಟಿಹಾಕುತ್ತದೆ, ಫಾಸ್ಫೇಟ್ ಹೆಚ್ಚಿದ್ದರೆ ಗಸಿಯಾಗಿ ಕೂರಿಸುತ್ತದೆ. ತಟ್ಟೆಗೆ 2 ಮಿಲಿಮೋಲಾರ್ ಹಾಕಿದೆವೆಂದು ಬರೆದರೂ ಬ್ಯಾಕ್ಟೀರಿಯಾ ಕಂಡದ್ದು ಅದರ ಚಿಕ್ಕ ಪಾಲು. ಪೋಷಕ ಕಡಿಮೆಯಿರುವ ಮಾಧ್ಯಮ, ಫಾಸ್ಫೇಟ್ ಬದಲು ಪೈಪ್ಸ್ ಅಥವಾ ಎಂಇಎಸ್ ಬಫರ್ ಬಳಸಿ; ತಾಮ್ರದ ದ್ರಾವಣವನ್ನು ಫಿಲ್ಟರಿನಲ್ಲಿ ಶುದ್ಧಗೊಳಿಸಿ, ಅಗರ್ ಸ್ವಲ್ಪ ಆರಿದ ಮೇಲೆ ಸೇರಿಸಿ. 28 ಡಿಗ್ರಿಯಲ್ಲಿ ಒಂದು ವಾರ ಕಾಯಿರಿ. ಎರಡನೇ ದಿನಕ್ಕೆ ಎಣಿಸಿದರೆ ನಿಧಾನಿಗಳು ಲೆಕ್ಕ ತಪ್ಪುತ್ತವೆ.

ಜೈವಿಕ ಗೊಬ್ಬರ ಹಾಕಿ ಬ್ಯಾಕ್ಟೀರಿಯಾ ತುಂಬಿಸಬಹುದಲ್ಲ?

ಲೆಕ್ಕ ನೋಡಿ. ಪುಡಿ ರೂಪದ ಜೈವಿಕ ಗೊಬ್ಬರದಲ್ಲಿ ಗ್ರಾಂಗೆ ಕನಿಷ್ಠ 5 ಕೋಟಿ ಕೋಶ ಇರಬೇಕೆಂಬುದು ನಮ್ಮ ರಸಗೊಬ್ಬರ ನಿಯಂತ್ರಣ ಆದೇಶದ ನಿಯಮ. ಎಕರೆಗೆ 2 ಕೆ.ಜಿ. ಹಾಕಿದರೆ ಹತ್ತು ಸಾವಿರ ಕೋಟಿ ಕೋಶ. ಮೇಲ್ಪದರದ 800 ಟನ್ ಮಣ್ಣಿಗೆ ಹಂಚಿದರೆ ಗ್ರಾಂಗೆ ಸುಮಾರು 125. ಆಗಲೇ ಅಲ್ಲಿರುವುದು ಹತ್ತಾರು ಕೋಟಿ. ಊರ ಜಾತ್ರೆಗೆ ಇಬ್ಬರು ಹೆಚ್ಚು ಬಂದ ಹಾಗೆ. ಜಾಗ ಸರಿಯಿದ್ದು ತಾನಾಗಿ ಬೆಳೆದರೆ ಮಾತ್ರ ಪ್ರಯೋಜನ, ಮತ್ತು ಜಾಗ ಸರಿ ಇಲ್ಲದ್ದೇ ಇಲ್ಲಿನ ಸಮಸ್ಯೆ. ಹಾಕುವುದಾದರೆ ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಹತ್ತು ದಿನ ಬೆಳೆಸಿ, ಬೇರಿನ ಬಳಿ ಹಾಕಿ. ತಾಮ್ರದ ಔಷಧಿಗೂ ಇದಕ್ಕೂ ಎರಡು ವಾರ ಅಂತರವಿರಲಿ. ಬೋರ್ಡೊ ಹೊಡೆದ ಪಂಪು, ಡ್ರಮ್ ಮಾತ್ರ ಬೇಡವೇ ಬೇಡ.

ಸುಣ್ಣ ಎಷ್ಟು, ಯಾವಾಗ?

ಬ್ಯಾಕ್ಟೀರಿಯಾಗಳಿಗೆ ತಕ್ಷಣ ಸಿಗುವ ಪರಿಹಾರ ಇದೊಂದೇ. ಗುರಿ ಪಿಎಚ್ 6ರಿಂದ 6.5. ಪ್ರಮಾಣವನ್ನು ಪಿಎಚ್ ನೋಡಿ ಊಹಿಸಬೇಡಿ. ಒಂದೇ ಪಿಎಚ್ ಇರುವ ಮರಳು ಮಣ್ಣಿಗೂ ಜಿಗುಟು ಮಣ್ಣಿಗೂ ಬೇಕಾಗುವ ಸುಣ್ಣದಲ್ಲಿ ಎರಡು ಮೂರು ಪಟ್ಟು ವ್ಯತ್ಯಾಸವಿರುತ್ತದೆ. ಸುಣ್ಣದ ಅಗತ್ಯದ ಪರೀಕ್ಷೆ ಮಾಡಿಸಿ. ಬಂದ ಪ್ರಮಾಣವನ್ನು ಎರಡು ಕಂತು ಮಾಡಿ ಮುಂಗಾರಿಗೆ ಮೊದಲು ಹರಡಿ, ಮೇಲಿನ ಮಣ್ಣಿಗೆ ಹಗುರವಾಗಿ ಬೆರೆಸಿ. ಯೂರಿಯಾ, ಅಮೋನಿಯಂ ಗೊಬ್ಬರದ ಜೊತೆ ಹಾಕಿದರೆ ಸಾರಜನಕ ಗಾಳಿಗೆ ಹಾರುತ್ತದೆ. ಮೂರು ವಾರ ಅಂತರ ಬೇಕು.

6.5 ದಾಟಿಸಬೇಡಿ. ಸತು, ಬೋರಾನ್ ಸಿಗುವುದು ಕಡಿಮೆಯಾಗುತ್ತದೆ; ಮೇಲಾಗಿ ಕರಗುವ ಸಾವಯವ ಅಂಶ ಹೆಚ್ಚಾಗಿ ತಾಮ್ರವನ್ನು ಹೊತ್ತು ಕೆಳಗಿಳಿಯಬಹುದು. ಬೋರ್ಡೊದಲ್ಲೇ ಸುಣ್ಣ ಇದೆಯಲ್ಲ ಎಂದರೆ, ಎರಡು ಸಲಕ್ಕೆ ಹೆಕ್ಟೇರಿಗೆ 27 ಕೆ.ಜಿ. ಬಿದ್ದೀತು, ಹುಳಿ ಮಣ್ಣಿಗೆ ಬೇಕಾದದ್ದು ಟನ್‌ಗಟ್ಟಲೆ.

ಸೊಪ್ಪು, ಗೊಬ್ಬರ ಹೆಚ್ಚು ಹಾಕಿದರೆ?

ಒಳ್ಳೆಯದು. ತಾಮ್ರ ಅಂಟಿಕೊಳ್ಳಲು ಜಾಗ ಹೆಚ್ಚುತ್ತದೆ, ಬ್ಯಾಕ್ಟೀರಿಯಾಗಳಿಗೆ ಪಂಪು ನಡೆಸಲು ಆಹಾರವೂ ಸಿಗುತ್ತದೆ. ಆದರೆ ಸೊಪ್ಪು ಕೊಳೆತು ಮುಗಿದಂತೆ ಹಿಡಿದಿದ್ದ ತಾಮ್ರ ಬಿಡುಗಡೆಯಾಗುತ್ತದೆ, ಆದ್ದರಿಂದ ವರ್ಷವೂ ಹಾಕಬೇಕು. ಹೊರಗಿನಿಂದ ಗೊಬ್ಬರ ಕೊಳ್ಳುವವರು ವಿಶ್ಲೇಷಣೆ ಕೇಳಿ: ನಗರ ಕಾಂಪೋಸ್ಟಿಗೆ ಕಾನೂನು ಒಪ್ಪುವ ತಾಮ್ರ ಕೆ.ಜಿ.ಗೆ 300 ಮಿ.ಗ್ರಾಂ. ವರೆಗೆ, ಸತು 1,000, ಸೀಸ 100, ಕ್ಯಾಡ್ಮಿಯಂ 5. ಮಿತಿಯ ಅಂಚಿನಲ್ಲಿರುವ ಕಾಂಪೋಸ್ಟ್ ಹೆಕ್ಟೇರಿಗೆ 10 ಟನ್ ಹಾಕಿದರೆ 3 ಕೆ.ಜಿ. ತಾಮ್ರ, ಅಂದರೆ ಹೆಚ್ಚುಕಡಿಮೆ ಒಂದು ಸಲದ ಬೋರ್ಡೊ. ಕೋಳಿ ಗೊಬ್ಬರದಲ್ಲೂ ಆಹಾರಕ್ಕೆ ಬೆರೆಸಿದ ತಾಮ್ರ, ಸತು ಇರುತ್ತವೆ.

ತಾಮ್ರ ಹೀರುವ ಗಿಡ ನೆಟ್ಟು ಮಣ್ಣನ್ನು ಶುದ್ಧ ಮಾಡಬಹುದೇ?

ಹೆಕ್ಟೇರಿಗೆ 5 ಟನ್ ಒಣ ಸೊಪ್ಪು ಕೊಡುವ ಗಿಡ, ಅದರಲ್ಲಿ ಕೆ.ಜಿ.ಗೆ 20 ಮಿ.ಗ್ರಾಂ. ತಾಮ್ರ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹೊರಹೋಗುವುದು 100 ಗ್ರಾಂ. ಕೆ.ಜಿ.ಗೆ 100 ಮಿ.ಗ್ರಾಂ. ಇರುವ ತೋಟದ ಮೇಲ್ಪದರದಲ್ಲಿ 200 ಕೆ.ಜಿ. ಇದೆ. ಎರಡು ಸಾವಿರ ವರ್ಷ ಬೇಕು.

ಹಾಗಾದರೆ ಬೋರ್ಡೊ ನಿಲ್ಲಿಸಬೇಕೇ?

ಹಾಗೆ ಹೇಳುವುದಿಲ್ಲ. ಕೊಳೆ ಬಂದರೆ ಆ ವರ್ಷದ ಫಸಲೇ ಹೋಗುತ್ತದೆ. ಆದರೆ ಅನಗತ್ಯವಾಗಿ ಬೀಳುವ ತಾಮ್ರ ಬಹಳವಿದೆ. ಮಳೆ ಜೋರೆಂದು ಶೇ. 1ರ ಬದಲು 1.5, 2 ಮಾಡುವ ರೂಢಿ ಮೊದಲು ಬಿಡಬೇಕಾದದ್ದು. ಅಂಟು ಹೆಚ್ಚುವುದು ತಾಮ್ರ ಹೆಚ್ಚಿಸಿದರಲ್ಲ, ದ್ರಾವಣ ಸರಿಯಾಗಿ ತಯಾರಾದರೆ: 50 ಲೀಟರಿನಲ್ಲಿ 1 ಕೆ.ಜಿ. ಮೈಲುತುತ್ತ, ಇನ್ನೊಂದು 50 ಲೀಟರಿನಲ್ಲಿ 1 ಕೆ.ಜಿ. ಒಳ್ಳೆ ಸುಣ್ಣ ಕದಡಿ ಸೋಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ತಿರುಗಾಮುರುಗಾ ಅಲ್ಲ. ಉಜ್ಜಿದ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ. ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಅದೇ ದಿನ ಮುಗಿಸಿ. ನಿನ್ನೆಯದು ಗಡುಸಾಗಿ ಗೊನೆಗೆ ಹಿಡಿಯದೆ ಸೀದಾ ನೆಲಕ್ಕೆ ಬರುತ್ತದೆ.

ಸಿಂಪಡಣೆ ಗೊನೆಗೆ, ಸೋಗೆಗಲ್ಲ. ದೋಟಿ ಹಿಡಿದವರ ಕೈಚಳಕದ ಮೇಲೆ ಇಲ್ಲಿ ಉಳಿತಾಯ ನಿಂತಿದೆ. ಬಸಿಗಾಲುವೆ ಚೊಕ್ಕಟವಿರಲಿ, ಉದುರಿದ ಕೊಳೆ ಅಡಿಕೆ ಹೆಕ್ಕಿ ಹೊರಹಾಕಿ, ನೆರಳು ಹೆಚ್ಚಿರುವ ಕಡೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿದರೆ ಆ ಮರಗಳಿಗೆ ಔಷಧಿಯೇ ಬೇಡ. ಮ್ಯಾಂಡಿಪ್ರೊಪಮಿಡ್‌ನಂಥ ತಾಮ್ರವಿಲ್ಲದ ಔಷಧಿಗಳನ್ನು ಒಂದು ಸುತ್ತಿಗೆ ಬಳಸಬಹುದು. ಪ್ರತಿ ಸುತ್ತಿಗೂ ಅದನ್ನೇ ಬಳಸಿದರೆ ರೋಗಾಣು ಒಗ್ಗಿಕೊಳ್ಳುವ ಅಪಾಯವಿದೆ. ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಿದರೆ ತಾಮ್ರ 1.5 ಗ್ರಾಂ, ಬೋರ್ಡೊಗಿಂತ ಕಡಿಮೆ. ಆದರೆ ಮಳೆಗೆ ಅಷ್ಟು ತಡೆಯದು, ಮತ್ತೊಂದು ಸುತ್ತು ಹೊಡೆಯಬೇಕಾಗಿ ಬಂದರೆ ಉಳಿದದ್ದೂ ಹೋಯಿತು.

ಲೋಹದ ಮಣ್ಣಿನಲ್ಲಿ ಆ್ಯಂಟಿಬಯಾಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಹೆಚ್ಚುತ್ತವೆ ಎನ್ನುತ್ತಾರೆ. ಹೌದೇ?

ಹೌದು, ಇದಕ್ಕೆ ಗಟ್ಟಿ ಕಾರಣವಿದೆ. ಲೋಹ ತಾಳುವ ಜೀನು ಮತ್ತು ಆ್ಯಂಟಿಬಯಾಟಿಕ್ ತಾಳುವ ಜೀನು ಎಷ್ಟೋ ಸಲ ಒಂದೇ ಪ್ಲಾಸ್ಮಿಡ್ಡಿನಲ್ಲಿರುತ್ತವೆ. ಕೆಲವೊಮ್ಮೆ ಒಂದೇ ಪಂಪು ಎರಡನ್ನೂ ಹೊರದಬ್ಬುತ್ತದೆ. ತಾಮ್ರ ಒಂದನ್ನು ಆರಿಸಿದಾಗ ಇನ್ನೊಂದು ಬೆನ್ನಿಗೆ ಬರುತ್ತದೆ. ಡೆನ್ಮಾರ್ಕಿನ ಹ್ಯುಗುಂನಲ್ಲಿ 1911–24ರ ನಡುವೆ ಮರಕ್ಕೆ ಮೈಲುತುತ್ತ ಹಚ್ಚುತ್ತಿದ್ದ ಜಾಗದ ಮಣ್ಣಿನಲ್ಲಿ, ಎಂಬತ್ತು ವರ್ಷ ಕಳೆದ ಮೇಲೂ ತಾಮ್ರ ತಾಳುವ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚಿತ್ತು, ಅವುಗಳಲ್ಲಿ ಆ್ಯಂಟಿಬಯಾಟಿಕ್ ತಾಳುವಿಕೆಯೂ ಹೆಚ್ಚಾಗಿ ಕಂಡಿತು. ತೋಟದಲ್ಲಿ ಇದಕ್ಕೆ ಸಂಬಂಧಿಸಿ ಮಾಡಬಹುದಾದ ಕೆಲಸ ಒಂದಿದೆ: ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಪಡೆಯುತ್ತಿರುವ ದನದ ಹಸಿ ಸಗಣಿಯನ್ನು ನೇರವಾಗಿ ಮೆಣಸಿನ ಬುಡಕ್ಕೆ ಹಾಕದೆ, ಗುಂಡಿಯಲ್ಲಿ ಬಿಸಿಯೇರಿ ಕಳಿತ ಮೇಲೆ ಹಾಕಿ.